ಮೂಲೆಯಲ್ಲೊಂದು ಕಚ್ಚು

ನಮ್ಮ ಕಟ್ಟಡದ ಲಿಫ್ಟು ದಿನಕ್ಕೆ ಹತ್ತು ಹದಿನೈದು ಸಲ ನಿಲ್ಲುತ್ತದೆ, ಪ್ರತಿ ಸಲವೂ ಬೈಗುಳ ತಿನ್ನುವವನು ನಾನು. ಅದು ಕೆಟ್ಟು ನಿಲ್ಲುವುದಲ್ಲ, ನಾನೇ ನಿಲ್ಲಿಸುವುದು. ನೆಲಮಾಳಿಗೆಯಿಂದ ನನ್ನ ಅಕ್ಕ ಫೋನ್ ಮಾಡಿ "ಲಿಫ್ಟ್ ನಿಲ್ಸು" ಎನ್ನುತ್ತಾಳೆ. ಹಲೋ ಇಲ್ಲ, ಗಿಲೋ ಇಲ್ಲ. ನಾನು ಹಸಿರು ಗುಂಡಿ ಒತ್ತಿದರೆ ಲಿಫ್ಟು ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆದು ಸುಮ್ಮನೆ ನಿಲ್ಲುತ್ತದೆ. ನಲವತ್ತು ಸೆಕೆಂಡು ಕಳೆದ ಮೇಲೆ ಮತ್ತೆ ಫೋನು: "ಬಿಡು." ಅಷ್ಟರಲ್ಲಿ ಫೈಲು ಹೊತ್ತು ನಿಂತ ದೊಡ್ಡ ಮನುಷ್ಯರೆಲ್ಲ ನನ್ನ ವಂಶವನ್ನೇ ಜಾಲಾಡಿರುತ್ತಾರೆ. ಆ ವಂಶದಲ್ಲಿ ಅವಳೂ ಇದ್ದಾಳೆ ಎಂಬುದೊಂದೇ ನನಗೆ ಸಮಾಧಾನ.

ಅದೊಂದು ಸಂಶೋಧನಾ ಸಂಸ್ಥೆ. ಅಲ್ಲಿನ ಪಂಪು, ಜನರೇಟರು, ಲಿಫ್ಟು ನನ್ನ ಪಾಲಿನವು. ನೆಲಮಾಳಿಗೆಯ ಲೇಸರ್ ಕೋಣೆ ಅಕ್ಕನದು. ನನಗಿಂತ ಏಳು ವರ್ಷ ದೊಡ್ಡವಳು. ನನಗೆ ಈ ಕೆಲಸ ಕೊಡಿಸಿದ್ದೂ ಅವಳೇ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಮದುವೆ ಅವಳು ಬೇಡವೆಂದಳು, ನನ್ನನ್ನು ಯಾರೂ ಬೇಕೆನ್ನಲಿಲ್ಲ.

ಅವಳ ಕೋಣೆಗೆ ಕಿಟಕಿ ಇಲ್ಲ. ನಡುವೆ ಜೋಡಿ ಮಂಚದಷ್ಟು ದೊಡ್ಡ ಉಕ್ಕಿನ ಮೇಜು. ನೆಲ ನಡುಗಿದರೂ ಮೇಜಿಗೆ ತಿಳಿಯಬಾರದೆಂದು ಅದರ ಕಾಲುಗಳಲ್ಲಿ ಗಾಳಿ ತುಂಬಿದ್ದಾರೆ. ಮೇಜಿನ ಒಂದು ತುದಿಯಲ್ಲಿ ಲೇಸರ್. ಅದರ ಬೆಳಕನ್ನು ಒಂದು ಕನ್ನಡಿ ಎರಡು ಪಾಲು ಮಾಡುತ್ತದೆ. ಆ ಎರಡು ಪಾಲೂ ಬೇರೆ ಬೇರೆ ದಾರಿ ಹಿಡಿದು ಬಂದು ಒಂದು ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಮತ್ತೆ ಕೂಡುತ್ತವೆ. ಬೆಳಕಿಗೆ ಬೆಳಕು ಸೇರಿದರೆ ಬೆಳಕು ಹೆಚ್ಚಾಗಬೇಕು ಎಂದು ನಾನು ವಾದ ಮಾಡಿದ್ದೆ. ಅಕ್ಕ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ತುಂಬಿದ ಬಕೆಟ್ಟಿನಲ್ಲಿ ಎರಡು ಬೆರಳು ಅದ್ದಿ ಒಟ್ಟಿಗೆ ಆಡಿಸಿದಳು. ಅಲೆಗೆ ಅಲೆ ಸೇರಿ ನೀರು ಕೆಲವು ಕಡೆ ಎದ್ದಿತು, ಕೆಲವು ಕಡೆ ಅಲುಗದೆ ನಿಂತಿತು. "ಬೆಳಕೂ ಹೀಗೇ ಕಣೋ. ಒಂದು ಬೆಳಕಿನ ಗೆರೆ, ಪಕ್ಕದಲ್ಲಿ ಕತ್ತಲ ಗೆರೆ, ಮತ್ತೆ ಬೆಳಕು," ಎಂದಳು. ಬೆಳಕಿನ ಗೆರೆ ಬಿದ್ದಲ್ಲಿ ಪ್ಲಾಸ್ಟಿಕ್ಕು ಚೂರೇ ಚೂರು ಸುಟ್ಟು ಹಾರಿಹೋಗಿ ಅಲ್ಲೊಂದು ತೋಡು ಉಳಿಯುತ್ತದೆ. ಒಂದು ಮಿಲಿಮೀಟರಿನೊಳಗೆ ಮುನ್ನೂರು ತೋಡು. ಆ ನಲವತ್ತು ಸೆಕೆಂಡಿನಲ್ಲಿ ಲಿಫ್ಟು ಅಲುಗಿದರೆ ಮುನ್ನೂರೂ ಕಲಸಿಹೋಗುತ್ತವೆ.

ಈ ಹಾಳೆ ಕೈಯ ನರ ತುಂಡಾದವರಿಗಾಗಿ. ಅದನ್ನು ಬೆಂಕಿಕಡ್ಡಿಯ ದಪ್ಪದ ಕೊಳವೆಯಾಗಿ ಸುತ್ತಿ, ತುಂಡಾದ ನರದ ಎರಡು ತುದಿಗಳ ನಡುವೆ ಕೂರಿಸಿ ಹೊಲಿಯುತ್ತಾರೆ. ಗೆರೆಗಳು ಕೊಳವೆಯ ಒಳಗಡೆ ಇರಬೇಕು. ನರ ಆ ತೋಡುಗಳ ಗುಂಟ ಬೆಳೆದುಕೊಂಡು ಆಚೆ ತುದಿ ಸೇರುತ್ತದೆ. ಗೆರೆ ಹೊರಗಾಗಿ ಸಪಾಟು ಮುಖ ಒಳಗಾದರೆ ನರಕ್ಕೆ ದಾರಿ ಸಿಗುವುದಿಲ್ಲ. ಎಲ್ಲೋ ಹೊರಟು ಎಲ್ಲೋ ಗಂಟುಕಟ್ಟಿಕೊಂಡು ನಿಂತುಬಿಡುತ್ತದೆ. ಅದು ತಿಳಿಯುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ, ಬೆರಳು ಕಾಯಂ ಆಗಿ ಸ್ಪರ್ಶ ಕಳೆದುಕೊಂಡಿರುತ್ತದೆ.

ಹಾಗಾದರೆ ಗೆರೆ ಯಾವ ಮುಖದ ಮೇಲಿದೆ ಎಂದು ತಿಳಿಯುವುದು ಹೇಗೆ? ಕಣ್ಣಿಗೆ ಗೆರೆ ಕಾಣುವುದಿಲ್ಲ. ಹಾಳೆಯನ್ನು ಓರೆಯಾಗಿ ಹಿಡಿದರೆ ಸಿಡಿಯ ಬೆನ್ನಿನ ಹಾಗೆ ಬಣ್ಣ ಹೊಳೆಯುತ್ತದೆ. ಆದರೆ ಹಾಳೆ ಪಾರದರ್ಶಕ, ಯಾವ ಕಡೆಯಿಂದ ನೋಡಿದರೂ ಅದೇ ಬಣ್ಣ. ಇಲ್ಲಿಯೇ ನನ್ನ ಅಕ್ಕನ ಹಳೆಯ ಕಸುಬು ಕೆಲಸಕ್ಕೆ ಬಂತು.

ಅವಳು ಇಪ್ಪತ್ತೆರಡು ವರ್ಷ ಒಂದು ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿದ್ದವಳು. ದೊಡ್ಡ ಕ್ಯಾಮೆರಾದ ಫಿಲ್ಮು ಬಿಡಿ ಹಾಳೆಗಳಾಗಿ ಬರುತ್ತಿತ್ತು. ಅದರ ಮೂಲೆಯಲ್ಲಿ ಕತ್ತರಿಸಿದ ಸಣ್ಣದೊಂದು ಕಚ್ಚು. ಕತ್ತಲಲ್ಲಿ ಬೆರಳಿಗೆ ಕಚ್ಚು ಬಲಗಡೆ ಮೇಲಿನ ಮೂಲೆಯಲ್ಲಿ ಸಿಕ್ಕಿದರೆ ಚಿತ್ರ ಮೂಡಿಸುವ ಮದ್ದು ಬಳಿದ ಮುಖ ನಮ್ಮ ಕಡೆಗಿದೆ ಎಂದರ್ಥ. ಎಲ್ಲರ ಜೇಬಿಗೂ ಕ್ಯಾಮೆರಾ ಬಂದು ಸ್ಟುಡಿಯೋ ಮುಚ್ಚಿತು. ಅಕ್ಕ ಇಲ್ಲಿಗೆ ನೆಲ ಒರೆಸುವವಳಾಗಿ ಸೇರಿದಳು. ಒಂದು ದಿನ ಲೇಸರ್ ಕೋಣೆಯ ಹುಡುಗಿಯರು ಹಾಳೆಯ ಮುಖ ಯಾವುದು, ಬೆನ್ನು ಯಾವುದು ಎಂದು ತಲೆ ಕೆಡಿಸಿಕೊಂಡು ಕೂತಿದ್ದಾಗ, ಒರೆಸುವ ಕೋಲು ಗೋಡೆಗೆ ಒರಗಿಸಿ, "ಮೂಲೇಲಿ ಒಂದು ಕಚ್ಚು ಹಾಕಿ, ಮುಗೀತು," ಎಂದಳು. ಅಲ್ಲಿನ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುವವರು, ಅದನ್ನು ಕೇಳಿಸಿಕೊಂಡರು. ಮಾರನೆಯ ವಾರ ಅಕ್ಕನ ಮೈಮೇಲೆ ಬಿಳಿ ಕೋಟು. ಆಮೇಲೆ ಅವಳ ಹೆಸರೇ ಕಚ್ಚಕ್ಕ ಎಂದಾಯಿತು. ಹೊಸಬರು ಅದನ್ನು ಕೇಳಿ ಎರಡು ಹೆಜ್ಜೆ ದೂರವೇ ನಿಲ್ಲುತ್ತಿದ್ದರು. ಅವಳ ಮುಖ ನೋಡಿದರೆ ಅನುಮಾನ ಬರುವುದೂ ಸಹಜವೇ.

ಇನ್ನೊಂದು ಉಪಾಯವೂ ಇತ್ತು. ಗೆರೆಯಿರುವ ಮುಖದ ಮೇಲೆ ಒಂದು ಹನಿ ನೀರು ಬಿಟ್ಟರೆ ತೋಡುಗಳು ತುಂಬಿ ಅಲ್ಲಿನ ಬಣ್ಣ ಮಂಕಾಗುತ್ತದೆ. ಸಪಾಟು ಮುಖದ ಮೇಲೆ ಬಿಟ್ಟರೆ ಬಣ್ಣ ಹಾಗೇ ಇರುತ್ತದೆ. ಆದರೆ ಒಣಗಿದಾಗ ಕಲೆ ಉಳಿಯುತ್ತದೆಂದು ಅಕ್ಕ ಅದಕ್ಕೆ ಬಿಡುತ್ತಿರಲಿಲ್ಲ. "ಕಚ್ಚು ಇರೋವಾಗ ನೀರು ಯಾಕೆ?" ಎನ್ನುತ್ತಿದ್ದಳು. ಆ ಜಂಬಕ್ಕೆ ನಾನೂ ಸಾಕಷ್ಟು ಗಾಳಿ ಹಾಕಿದ್ದೆ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಬೆಳಿಗ್ಗೆ ಎಂಟು ಗಂಟೆ. ಅಡುಗೆಮನೆಯ ಗೋಡೆಗೆ ಹೊಸ ಗಡಿಯಾರ ತಂದಿದ್ದೆ. ಅದರ ಗಾಜಿಗೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತೆ. ಅದು ಹಾರಿ ನನ್ನ ಮುಂಗೈಗೆ ಅಂಟಿಕೊಂಡಿತು. ಕೊಡವಿದೆ, ಈ ಕೈ ಬಿಟ್ಟು ಆ ಕೈಗೆ ಅಂಟಿತು. "ಬಿಡ್ತಾನೇ ಇಲ್ಲ ನೋಡೇ ಇದು, ನಮ್ಮ ಮನೆ ಓನರ್ ಥರ," ಎಂದು ನಗುತ್ತಾ ತಿರುಗಿದರೆ ಅಕ್ಕನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಟೀ ಲೋಟ ಕೆಳಗಿಟ್ಟು ನನ್ನ ಕೈಗೆ ಅಂಟಿದ ಹಾಳೆಯನ್ನೇ ನೋಡುತ್ತಿದ್ದಳು.

"ಏನಾಯ್ತೇ?"

"ಒಂಬತ್ತನೇದು," ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಕೂರಿಸಿ ಕೇಳಿದೆ. ಎರಡು ವಾರದ ಹಿಂದೆ ಹಾಳೆಯೊಂದನ್ನು ಹನ್ನೆರಡು ತುಂಡು ಮಾಡಿದ್ದಳಂತೆ. ಗಾಜಿನ ಮೇಲಿಟ್ಟು ಒಂದೊಂದಕ್ಕೂ ಕಚ್ಚು ಹಾಕುತ್ತಾ ಬಂದವಳು ಒಂಬತ್ತನೆಯದರ ಹತ್ತಿರ ಬಂದಾಗ, ಕಚ್ಚು ಹಾಕುವ ಮೊದಲೇ ಅದು ಎಗರಿ ಕೈಗವಸಿಗೆ ಅಂಟಿಕೊಂಡಿತು. ಬಿಡಿಸಿ ಮತ್ತೆ ಗಾಜಿನ ಮೇಲಿಟ್ಟು, ಓರೆಯಾಗಿ ನೋಡಿ, ಬಣ್ಣ ಚೆನ್ನಾಗಿದೆ ಎಂದು ಕಚ್ಚು ಹಾಕಿದಳು. ಬಣ್ಣ ಎರಡು ಕಡೆಯೂ ಕಾಣುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವಳು ಬಣ್ಣ ನೋಡಿ ಕಚ್ಚು ಹಾಕಿದ್ದಳು.

"ಗೊತ್ತಿತ್ತು ಕಣೋ. ಅವತ್ತೇ ಅನುಮಾನ ಬಂದಿತ್ತು. ಇಷ್ಟು ವರ್ಷದ ಕೈ ನಂದು, ತಪ್ಪಲ್ಲ ಅಂತ ನಾನೇ ನನಗೆ ಹೇಳ್ಕೊಂಡೆ."

"ಈಗ ಎಲ್ಲಿದೆ ಅದು?"

"ಆಸ್ಪತ್ರೇಲಿ. ಎಂಟು, ಒಂಬತ್ತು, ಎರಡೂ ಪೊಟ್ಟಣ ಕಟ್ಟಿ ಕಳಿಸಿದೀವಿ. ಒಂದು ಹಾಕೋದಕ್ಕೆ, ಒಂದು ಹೆಚ್ಚಿಗೆ. ಇವತ್ತು ಹನ್ನೊಂದು ಗಂಟೆಗೆ ಬಡಗಿಗೆ ಆಪರೇಷನ್ನು."

ಬಡಗಿ ಎಂದ ಕೂಡಲೇ ಅವನ ಹೆಬ್ಬೆರಳು ನೆನಪಾಯಿತು. ಅವನು ಹಿಂದಿನ ತಿಂಗಳು ತನ್ನ ಕೈಗೆ ಹಾಕುವ ವಸ್ತು ಹೇಗಿದೆ ಎಂದು ನೋಡಲು ಬಂದಿದ್ದ. ಗರಗಸ ಅವನ ಬಲಗೈ ಮಣಿಕಟ್ಟಿನ ನರ ಕತ್ತರಿಸಿತ್ತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನನ್ನ ಕೋಣೆಯಲ್ಲಿ ನನ್ನ, ಅಕ್ಕನ ಜೊತೆ ಕೂತು ಟೀ ಕುಡಿದ. ಅವನ ಹೆಬ್ಬೆರಳು ಬಿಸಿ ಲೋಟಕ್ಕೆ ಒತ್ತಿಕೊಂಡೇ ಇತ್ತು. ನಾನು ಕೂಗಿ ಲೋಟ ಕಿತ್ತುಕೊಳ್ಳುವಷ್ಟರಲ್ಲಿ ಚರ್ಮ ಕೆಂಪಗೆ ಉಬ್ಬಿತ್ತು. "ಸುಟ್ಟಿದ್ದು ನಿಮಗೆ ಗೊತ್ತಾಯ್ತು, ನನಗಿಲ್ಲ ನೋಡಿ," ಎಂದು ಅವನೇ ನಕ್ಕಿದ್ದ. ಅಕ್ಕ ನಕ್ಕಿರಲಿಲ್ಲ.

"ಮೇಡಂಗೆ ಹೇಳ್ಬೇಕು," ಎಂದು ಅಕ್ಕ ಎದ್ದಳು.

ಆಗ ನನಗೆ ಬಡಗಿಯ ಬೆರಳು ಮರೆತೇಹೋಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ನೆನಪಾದದ್ದು ನಮ್ಮ ಕೆಲಸ. ಇಬ್ಬರದೂ ವರ್ಷ ವರ್ಷ ಮುಂದುವರಿಸುವ ನೌಕರಿ. ಎರಡು ವರ್ಷದ ಹಿಂದೆ ಒಬ್ಬನನ್ನು ಒಂದು ಕನ್ನಡಿ ಗೀರಿದ್ದಕ್ಕೆ ಮೇಡಂ ಸಂಜೆಯೊಳಗೆ ಮನೆಗೆ ಕಳಿಸಿದ್ದರು.

"ಹೇಳ್ಬೇಡ," ಎಂದೆ. "ಅರ್ಧಕ್ಕರ್ಧ ಸರಿಯಾಗೇ ಇರುತ್ತೆ. ಎಂಟನೇದೇ ಹಾಕ್ತಾರೇನೋ. ಸುಮ್ನೆ ತಲೆ ಮೇಲೆ ಚಪ್ಪಡಿ ಎಳ್ಕೋತೀಯಾ? ಆ ಕನ್ನಡಿಯವನ ಗತಿ ನೋಡಿದೀಯ ತಾನೇ?"

"ಅವನ್ನ ಕನ್ನಡಿ ಗೀರಿದ್ದಕ್ಕೆ ಕಳಿಸ್ಲಿಲ್ಲ. ಮುಚ್ಚಿಟ್ಟಿದ್ದಕ್ಕೆ ಕಳ್ಸಿದ್ದು," ಎಂದಳು ಅಕ್ಕ.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವಳು ಆಸ್ಪತ್ರೆಗೆ ಫೋನ್ ಹಚ್ಚಿದಳು. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ ಕೊಟ್ಟರು. ಕೊನೆಗೆ ಯಾರೋ "ನೀವು ಯಾರಮ್ಮ? ಡಾಕ್ಟ್ರಾ?" ಎಂದು ಕೇಳಿ ಇಟ್ಟುಬಿಟ್ಟರು. ಮೇಡಂ ಫೋನು ಸ್ವಿಚ್ ಆಫ್ ಆಗಿತ್ತು. ಆ ದಿನ ಆರನೇ ಮಹಡಿಯಲ್ಲಿ ಹೊರಗಿನಿಂದ ಬಂದವರೊಂದಿಗೆ ದೊಡ್ಡ ಸಭೆ. ಹತ್ತು ಗಂಟೆಗೆ ಶುರು. ಬಸ್ಸು ದಾರಿಯಲ್ಲಿ ಗಂಟೆಗೂ ಹೆಚ್ಚು ಹೊತ್ತು ಸಿಕ್ಕಿಕೊಂಡು ನಾವು ತಲುಪಿದಾಗ ಹತ್ತೂವರೆ ದಾಟಿತ್ತು. ಅಕ್ಕನ ಎಡಮೊಣಕಾಲು ಮೆಟ್ಟಿಲಿಗೆ ಬಗ್ಗುವುದಿಲ್ಲ. ಅವಳು ನೆಟ್ಟಗೆ ಲಿಫ್ಟಿಗೆ ಹೋದಳು.

ನಾನು ನನ್ನ ಕೋಣೆಗೆ ಹೋದೆ. ಗೋಡೆಯ ಮೇಲೆ ಮಹಡಿ ತೋರಿಸುವ ದೀಪ ಒಂದು, ಎರಡು ಎಂದು ಏರುತ್ತಿತ್ತು. ಹಸಿರು ಗುಂಡಿಯ ಪಕ್ಕ ಒಂದು ಕೆಂಪು ಸ್ವಿಚ್ಚಿದೆ. ಬೆಂಕಿ ಬಿದ್ದರೆ, ರಿಪೇರಿ ಇದ್ದರೆ ಮಾತ್ರ ಮುಟ್ಟಬೇಕಾದದ್ದು. ಅದನ್ನು ಎಳೆದರೆ ಲಿಫ್ಟು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ, ಬಾಗಿಲು ತೆರೆಯುವುದಿಲ್ಲ. ಮೂರರ ದೀಪ ಆರಿ ನಾಲ್ಕರದು ಹತ್ತುವ ಮೊದಲು ನಾನು ಅದನ್ನು ಎಳೆದೆ.

ಯಾಕೆ ಎಂದು ಯೋಚಿಸಿ ಮಾಡಿದ್ದಲ್ಲ. ಹನ್ನೊಂದು ದಾಟಿಬಿಟ್ಟರೆ ಹೇಳಿ ಪ್ರಯೋಜನವಿಲ್ಲ, ಆಗ ಅವಳು ಹೇಳುವುದಿಲ್ಲ, ನಾವು ಉಳಿಯುತ್ತೇವೆ ಎಂಬಷ್ಟೇ ತಲೆಯಲ್ಲಿತ್ತು. ಲಿಫ್ಟಿನೊಳಗಿನ ಗಂಟೆ ಹೊಡೆಯಿತು. ಆಮೇಲೆ ಲಿಫ್ಟಿನೊಳಗಿನವರೊಂದಿಗೆ ಮಾತಾಡುವ ಇಂಟರ್‌ಕಾಮ್ ಪೆಟ್ಟಿಗೆಯಲ್ಲಿ ಅವಳ ದನಿ ಬಂತು.

"ತಮ್ಮಾ, ಕರೆಂಟ್ ಹೋಯ್ತೇನೋ?"

"ಏನೋ ಕೆಟ್ಟಿದೆ. ನೋಡ್ತಾ ಇದೀನಿ."

"ದೀಪಾನೂ ಹೋಗಿದೆ."

"ಹೆದರ್ಬೇಡ."

"ಕತ್ತಲಿಗೆ ಹೆದರೋಳಾ ನಾನು? ಟೈಮ್ ಎಷ್ಟು?"

"ಹತ್ತು ನಲವತ್ತು," ಎಂದೆ. ಹತ್ತು ನಲವತ್ತೈದಾಗಿತ್ತು. ಒಂದು ಸುಳ್ಳಿನ ಹಿಂದೆ ಇನ್ನೊಂದು ತಾನಾಗಿಯೇ ಬಂತು.

ಪೆಟ್ಟಿಗೆಯಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. ಲೇಸರ್ ಬಿಡುವಾಗ ನಲವತ್ತು ಸೆಕೆಂಡು ಉಸಿರು ಬಿಗಿಹಿಡಿದು ನಿಲ್ಲುವ ನನ್ನ ಅಕ್ಕ ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಳು. ಅವಳು ಹೆದರಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಅಪ್ಪ ಹೋದಾಗಲೂ ಅವಳು ಹೆದರಿರಲಿಲ್ಲ. ಸ್ವಿಚ್ಚಿನ ಮೇಲೆ ಕೈಯಿಟ್ಟೆ, ಮೇಲಕ್ಕೆ ತಳ್ಳಲಾಗಲಿಲ್ಲ. ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಏನು ಹೋಗುತ್ತದೆ ಎಂದು ಯೋಚಿಸಲು ಹೆದರಿಕೆ. ಹೊರಗೆ ಯಾರೋ ಲಿಫ್ಟಿನ ಬಾಗಿಲು ದಬದಬ ಬಡಿದು ನನ್ನನ್ನು ಬಯ್ಯುತ್ತಿದ್ದರು.

"ತಮ್ಮಾ, ಕೇಳಿಸ್ತಿದೆಯಾ? ಇದು ಸರಿಹೋಗೋ ಥರ ಕಾಣಲ್ಲ. ನೀನು ಅದನ್ನ ಬಿಡು. ಮೆಟ್ಟಿಲು ಹತ್ತಿ ಹೋಗು. ನಿನ್ನ ಮೊಣಕಾಲು ಗಟ್ಟಿ ಇದೆ."

ಅವಳೇ ಮುಂದುವರಿಸಿದಳು.

"ಮೇಡಂಗೆ ಹೇಳು. ಒಂಬತ್ತನೇದರ ಕಚ್ಚು ನಂಬ್ಬೇಡಿ ಅಂತ. ಎಂಟನೇದೇ ಹಾಕ್ಲಿ, ಇಲ್ದಿದ್ರೆ ಸುತ್ತೋ ಮೊದ್ಲು ಡಾಕ್ಟ್ರು ಒಂದು ಹನಿ ನೀರು ಬಿಟ್ಟು ನೋಡ್ಲಿ. ಬಣ್ಣ ಮಂಕಾದ್ರೆ ಅದು ಗೆರೆ ಇರೋ ಮುಖ. ಮಂಕಾಗ್ದೇ ಇದ್ರೆ ತಿರುಗಿಸಿ ಸುತ್ಲಿ. ತಪ್ಪು ಅಕ್ಕಂದು ಅಂತಾನೇ ಹೇಳು, ಬೇರೆ ಹುಡುಗೀರ ಮೇಲೆ ಬರೋದು ಬೇಡ. ಎಲ್ಲಿ, ಒಂದ್ಸಲ ನೀನು ಹೇಳು ನೋಡೋಣ."

ಚಿಕ್ಕಂದಿನಲ್ಲಿ ಅಂಗಡಿಗೆ ಕಳಿಸುವಾಗಲೂ ಹೀಗೇ ತರಬೇಕಾದ್ದನ್ನೆಲ್ಲ ಒಮ್ಮೆ ನನ್ನ ಬಾಯಲ್ಲಿ ಹೇಳಿಸುತ್ತಿದ್ದಳು. ನಾನು ಹೇಳಲು ಹೋದೆ. "ಒಂಬತ್ತನೇದು..." ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಆ ಮಾತು ಈಗ ನನ್ನ ಹತ್ತಿರವೂ ಇತ್ತು. ಅವಳು ಬಾಯಿ ಬಿಡದಂತೆ ಮಾಡಿದವನು ನಾನು. ನನ್ನ ಬಾಯನ್ನು ನಾನೇ ಹೇಗೆ ಮುಚ್ಚಿಕೊಳ್ಳಲಿ? ಬಡಗಿಯ ಉಬ್ಬಿದ ಹೆಬ್ಬೆರಳು ಕಣ್ಣೆದುರಿಗೇ ಬಂದು ನಿಂತಿತು. ಸ್ವಿಚ್ಚು ಮೇಲಕ್ಕೆ ತಳ್ಳಿದೆ.

"ಸರಿಹೋಯ್ತು," ಎಂದೆ.

ಎಂಟು ನಿಮಿಷವಾಗಿತ್ತು. ನಾನೂ ಕೈಯಲ್ಲೊಂದು ಸ್ಪಾನರ್ ಹಿಡಿದು, ರಿಪೇರಿಯವನ ವೇಷದಲ್ಲಿ, ಆರು ಮಹಡಿ ಮೆಟ್ಟಿಲು ಓಡಿದೆ. ತಲುಪಿದಾಗ ಸಭೆಯ ಕೋಣೆಯ ಬಾಗಿಲು ತೆರೆದಿತ್ತು. ಕೋಟು ಹಾಕಿದ ಹತ್ತಾರು ಜನರ ಎದುರು ಅಕ್ಕ ಗೋಡೆ ಹಿಡಿದು ನಿಂತು ಮಾತು ಮುಗಿಸುತ್ತಿದ್ದಳು. ಮೇಡಂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫೋನ್ ತೆಗೆದು ಆಸ್ಪತ್ರೆಯ ಒಳಗಿನ ಯಾವುದೋ ನಂಬರಿಗೆ ಹಚ್ಚಿದರು. ಆಪರೇಷನ್ ಕೋಣೆಯಲ್ಲಿ ಯಾರೋ ಆ ಫೋನನ್ನು ಡಾಕ್ಟರ ಕಿವಿಗೆ ಹಿಡಿದರು. ಮೇಡಂ ನಮಗೂ ಕೇಳುವಂತೆ ದನಿ ಜೋರು ಮಾಡಿ ಫೋನನ್ನು ಮೇಜಿನ ಮೇಲಿಟ್ಟರು.

ಅಂದು ಆಪರೇಷನ್ನು ಹತ್ತೂವರೆಗೇ ಶುರುವಾಗಿತ್ತು. ಅವನಿಗಿಂತ ಮೊದಲಿದ್ದ ರೋಗಿಗೆ ಜ್ವರ ಬಂದು ಬಡಗಿಯ ಸರದಿ ಬೇಗ ಬಂದಿತ್ತು. ಅದು ನಮಗೆ ಯಾರಿಗೂ ತಿಳಿದಿರಲಿಲ್ಲ.

"ಪೊಟ್ಟಣ ಒಡೆದಾಯ್ತು. ಚಿಮಟದಲ್ಲಿ ಹಿಡ್ಕೊಂಡಿದೀನಿ," ಎಂದಿತು ಡಾಕ್ಟರ ದನಿ.

"ನಂಬರ್ ಎಷ್ಟು?"

"ಒಂಬತ್ತು. ಎಂಟನೇದು ಆಗ್ಲೇ ಕೈ ಜಾರಿ ಬಿತ್ತು."

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕಚ್ಚು ತೋರಿಸುವ ಮುಖದ ಮೇಲೆ ಒಂದು ಹನಿ ನೀರು ಬಿಡಿ ಎಂದರು ಮೇಡಂ. ಆಚೆಯಿಂದ ಯಂತ್ರಗಳ ಟಿಕ್ ಟಿಕ್ ಕೇಳಿಸುತ್ತಿತ್ತು. ಬಣ್ಣ ಮಂಕಾಗಲಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಮಂಕಾದರೆ ತಪ್ಪೇ ಆಗಿರಲಿಲ್ಲ ಎಂದಾಗುತ್ತದೆ, ನನ್ನ ಎಂಟು ನಿಮಿಷವೂ ಲೆಕ್ಕಕ್ಕೆ ಬರುವುದಿಲ್ಲ.

"ಬಣ್ಣ ಹಾಗೇ ಇದೆ," ಎಂದರು ಡಾಕ್ಟರು. ಸ್ವಲ್ಪ ತಡೆದು, "ಆ ಕಡೆ ಬಿಟ್ಟೆ. ಮಂಕಾಯ್ತು. ತಿರುಗಿಸಿ ಸುತ್ತುತೀನಿ. ಇನ್ನೈದು ನಿಮಿಷ ಬಿಟ್ಟು ಫೋನ್ ಮಾಡಿದ್ದಿದ್ರೆ ಹೊಲಿದಿರ್ತಿದ್ದೆ," ಎಂದರು.

ಅಕ್ಕ ಅಲ್ಲೇ ನೆಲದ ಮೇಲೆ ಕೂತಳು. ನಾನೂ ಕೂತೆ. ಐದು ನಿಮಿಷವಂತೆ. ನಾನು ಎಂಟು ನಿಮಿಷ ತಿಂದಿದ್ದೆ. ಇನ್ನಷ್ಟು ಹೊತ್ತು ಆ ಸ್ವಿಚ್ಚು ಹಿಡಿದು ಕೂತಿದ್ದರೆ ಎಂಬ ಯೋಚನೆ ಬಂತು. ಅದು ಈಗಲೂ ಆಗಾಗ ಬಂದು ಹೋಗುತ್ತದೆ.

ಮೇಡಂ ಅವಳನ್ನು ಕಳಿಸಲಿಲ್ಲ. ಬಯ್ದರು, ಚೆನ್ನಾಗಿಯೇ ಬಯ್ದರು. ಮೂರು ತಿಂಗಳು ಕತ್ತರಿ ಮುಟ್ಟಬಾರದೆಂದು ಕನ್ನಡಿ ಒರೆಸಲು ಹಾಕಿದರು. ಹುಡುಗಿಯರಿಗೆ ಪಾಠ ಹೇಳುವಾಗ ಅಕ್ಕ ಈಗ ಮೊದಲು ತನ್ನ ಒಂಬತ್ತನೆಯ ತುಂಡಿನ ಕಥೆಯನ್ನೇ ಹೇಳುತ್ತಾಳೆ. ತುಂಡು ಎಗರಿದರೆ ಹಾಳೆಯನ್ನೇ ಎಸೆಯಿರಿ ಎನ್ನುತ್ತಾಳೆ. ಲಿಫ್ಟಿನ ವಿಷಯ ಎತ್ತುವುದಿಲ್ಲ. ನನ್ನನ್ನೂ ಇದುವರೆಗೆ ಏನೂ ಕೇಳಿಲ್ಲ. ನಾನೂ ಹೇಳಿಲ್ಲ. ಊಟಕ್ಕೆ ಕೂತಾಗ ಎಷ್ಟೋ ಸಲ ಬಾಯಿ ತೆರೆದು, ಉಪ್ಪು ಕೊಡು ಎಂದು ಮುಗಿಸಿದ್ದೇನೆ.

ನರ ದಿನಕ್ಕೆ ಒಂದು ಮಿಲಿಮೀಟರು ಬೆಳೆಯುತ್ತದಂತೆ. ಏಳು ತಿಂಗಳಾದ ಮೇಲೆ ಬಡಗಿ ಬಂದ. ನಾನು ಟೀ ಕೊಟ್ಟೆ. ಅವನು ಲೋಟ ಮುಟ್ಟಿ "ಅಯ್ಯಪ್ಪಾ!" ಎಂದು ಕೈ ಎಳೆದುಕೊಂಡ. ಟೀ ಎಲ್ಲ ನನ್ನ ಪ್ಯಾಂಟಿನ ಮೇಲೆ ಬಿತ್ತು. ಅಕ್ಕ ಅವನ ಹೆಬ್ಬೆರಳು ಹಿಡಿದು ಅತ್ತಳು. ನಾನು ಬೆನ್ನು ತಿರುಗಿಸಿ ಪ್ಯಾಂಟು ಒರೆಸಿಕೊಂಡೆ.

ಅವಳ ಕೆಲಸ ಮತ್ತೆ ಶುರುವಾಗಿದೆ. ಈಗಲೂ ದಿನಕ್ಕೆ ಹತ್ತು ಹದಿನೈದು ಸಲ ಫೋನು ಬರುತ್ತದೆ. ಈಗಲೂ ಹಲೋ ಇಲ್ಲ. ಹಸಿರು ಗುಂಡಿ ಒತ್ತಿದರೆ ಲಿಫ್ಟು ಮಹಡಿಗೆ ಹೋಗಿ ಬಾಗಿಲು ತೆರೆಯುತ್ತದೆ, ಒಳಗೆ ಯಾರೂ ಸಿಕ್ಕಿಬೀಳುವುದಿಲ್ಲ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮೊದಲು ಎರಡು ಮಾತಿನಲ್ಲಿ ಮುಗಿಯುತ್ತಿದ್ದದ್ದನ್ನು ಆ ದಿನದಿಂದ ಅವಳು ಸ್ವಲ್ಪ ಉದ್ದ ಮಾಡಿದ್ದಾಳೆ.

"ಒಳಗೆ ಯಾರಾದ್ರೂ ಇದಾರಾ ನೋಡು, ತಮ್ಮಾ," ಎನ್ನುತ್ತಾಳೆ. "ಆಮೇಲೆ ನಿಲ್ಸು."